ಪಾವತಿ (ರಸೀದಿ) ಹರಿಯುವ ಮುಂಚೆ ಪೂರ್ತಿ ಲೆಕ್ಕ ಕೊಡಿ: ಪದವಿ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಆಡಳಿತ ಮಂಡಳಿಗಳ ಪದಾಧಿಕಾರಿಗಳು ಹಾಗೂ ಪ್ರಾಂಶುಪಾಲರು,
ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಪದವಿ ಕಾಲೇಜುಗಳು

ಪ್ರತಿ: ಮಾನ್ಯ ಉನ್ನತ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ

ವಿಷಯ: ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ರಾಜಕೀಯ ಅರ್ಥಶಾಸ್ತ್ರ ಪದವಿಗಳ ಪೂರ್ತಿ ಖರ್ಚನ್ನೂ ಪದವೀಧರರ ನಿಜವಾದ ಗಳಿಕೆಯನ್ನೂ ಪ್ರವೇಶಕ್ಕೆ ಮೊದಲೇ ಪ್ರಕಟಿಸುವ ಕುರಿತು.

ಮಾನ್ಯರೇ,

ದ್ವಿತೀಯ ಪಿಯು ಫಲಿತಾಂಶ ಬಂದ ವಾರದೊಳಗೆ ಬೆಳಗಾವಿಯ ಚನ್ನಮ್ಮ ವೃತ್ತದಿಂದ ಹಿಡಿದು ವಿಜಯಪುರದ ಕೇಂದ್ರ ಬಸ್ ನಿಲ್ದಾಣದವರೆಗೆ ಕಾಲೇಜುಗಳ ಬ್ಯಾನರ್‌ಗಳು ಏಳುತ್ತವೆ. ಅವುಗಳಲ್ಲಿ ಮೂರು ಮಾತು ಕಾಯಂ: ಗರಿಷ್ಠ ಪ್ಯಾಕೇಜ್ ಇಷ್ಟು ಲಕ್ಷ, ನೂರಕ್ಕೆ ನೂರು ಪ್ಲೇಸ್‌ಮೆಂಟ್, ಉಳಿದಿರುವುದು ಕೆಲವೇ ಸೀಟು. ಮೂರು ವರ್ಷಕ್ಕೆ ಒಟ್ಟು ಎಷ್ಟು ರೊಕ್ಕ ಹೋಗುತ್ತದೆ ಎಂಬುದು ಯಾವ ಬ್ಯಾನರಿನಲ್ಲೂ ಇರುವುದಿಲ್ಲ. ಹೋದ ವರ್ಷ ಇದೇ ವಿಷಯ ಓದಿ ಹೊರಬಿದ್ದವರ ಕೈಗೆ ತಿಂಗಳಿಗೆ ಎಷ್ಟು ಬರುತ್ತಿದೆ ಎಂಬುದೂ ಇರುವುದಿಲ್ಲ. ಅಡ್ಮಿಶನ್ ಕೌಂಟರಿಗೆ ಬಂದ ತಂದೆ, ‘ಇದನ್ನ ಓದಿದ್ರ ಮುಂದ ಏನ್ ನೌಕರಿ ಸಿಗತೈತ್ರಿ?’ ಎಂದು ಕೇಳುತ್ತಾರೆ. ‘ಐಎಎಸ್, ಕೆಎಎಸ್ ಎಲ್ಲಾ ಐತ್ರಿ’ ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಮಾತು ಮುಗಿದು ಪಾವತಿ ಹರಿಯುತ್ತದೆ.

ಈ ಪತ್ರ ಬರೆಯುತ್ತಿರುವ ನಾವು ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಕಲಿಸುವವರೇ. ವಿಷಯದ ಮೇಲೆ ನಮಗೆ ಮುನಿಸಿಲ್ಲ. ಹಣಕ್ಕೂ ಅಧಿಕಾರಕ್ಕೂ ಇರುವ ನಂಟನ್ನು ಕಲಿಸುವ ರಾಜಕೀಯ ಅರ್ಥಶಾಸ್ತ್ರವನ್ನು ಓದಲು ಈ ಮೂರು ಜಿಲ್ಲೆಗಳಿಗಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಶೇ. 10.25 ಸಕ್ಕರೆ ಇಳುವರಿಯ ಕಬ್ಬಿಗೆ ಕ್ವಿಂಟಲ್‌ಗೆ 355 ರೂಪಾಯಿಯ ಕನಿಷ್ಠ ಬೆಲೆ ಅಂದರೆ ಎಫ್‌ಆರ್‌ಪಿ ಗೊತ್ತುಮಾಡಿತು. ಅದರಲ್ಲಿ ಕಟಾವು, ಸಾಗಣೆ ಕಳೆದು ಬೆಳೆಗಾರನ ಖಾತೆಗೆ ಬೀಳುವುದು ಬೇರೆಯೇ ಮೊತ್ತ. ಆ ಅಂತರದ ಜಗಳವೇ 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರನ್ನು ರಸ್ತೆಗಿಳಿಸಿತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ 14 ದಿನದೊಳಗೆ ಬಿಲ್ ಕೊಡಬೇಕು, ತಪ್ಪಿದರೆ ಶೇ. 15 ಬಡ್ಡಿ ಸೇರಿಸಬೇಕು. ಆ ಬಡ್ಡಿಯನ್ನು ಯಾರು ಕೇಳುತ್ತಾರೆ, ಯಾರು ಕೇಳುವುದಿಲ್ಲ, ಯಾಕೆ ಕೇಳುವುದಿಲ್ಲ? ಆಲಮಟ್ಟಿ ಜಲಾಶಯದ ಮಟ್ಟ 519.60ರಿಂದ 524.256 ಮೀಟರಿಗೆ ಏರಿದರೆ ನೀರು ಯಾರಿಗೆ, ಮುಳುಗಡೆ ಯಾರಿಗೆ, ಪರಿಹಾರದ ದರ ಎಲ್ಲಿ ಕುಳಿತು ನಿರ್ಧಾರವಾಗುತ್ತದೆ? ರಬಕವಿ-ಬನಹಟ್ಟಿಯ ಮಗ್ಗ, ಇಂಡಿ ತಾಲ್ಲೂಕಿನ ನಿಂಬೆ, ವಿಜಯಪುರದ ಒಣದ್ರಾಕ್ಷಿ, ಊರೂರಿನ ಪತ್ತಿನ ಸಂಘ, ಪಿಕೆಪಿಎಸ್ (ಕೃಷಿ ಪತ್ತಿನ ಸಹಕಾರಿ ಸಂಘ) ಚುನಾವಣೆ, ಇವೆಲ್ಲ ಈ ವಿಷಯದ ಪಾಠಗಳೇ. ಆದ್ದರಿಂದ ಮಕ್ಕಳು ಇದನ್ನು ಓದಬಾರದು ಎಂಬ ವಾದ ನಮ್ಮದಲ್ಲ. ಎಷ್ಟು ಕೊಟ್ಟು ಓದುತ್ತಿದ್ದಾರೆ, ಏನನ್ನು ನಂಬಿ ಕೊಡುತ್ತಿದ್ದಾರೆ ಎಂಬುದಷ್ಟೇ ನಮ್ಮ ತಕರಾರು.

ಮೊದಲು ಹೆಸರಿನ ಸಂಗತಿ. ನಮ್ಮ ಕಡೆಯ ಕಾಲೇಜುಗಳಲ್ಲಿ ಬಿ.ಎ. ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಂಬ ಜೋಡಣೆ ಹಳೆಯದು. ಈಗ ಪುಣೆ, ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳು ಹೆಚ್ಚುಕಡಿಮೆ ಅದೇ ಜೋಡಣೆಗೆ ‘ಪೊಲಿಟಿಕಲ್ ಎಕಾನಮಿ’, ‘ಪಬ್ಲಿಕ್ ಪಾಲಿಸಿ’ ಎಂಬ ಹೆಸರಿಟ್ಟು ಲಕ್ಷಗಳ ಫೀ ಹೇಳುತ್ತಿವೆ. ಅವರನ್ನು ನೋಡಿ ಇಲ್ಲಿನ ಸಂಸ್ಥೆಗಳಿಗೂ ಹೊಸ ಬೋರ್ಡು ಹಾಕುವ ಆಸೆ ಬಂದಿದೆ. ಹೆಸರು ಹೊಸದಾದರೆ ತಪ್ಪಿಲ್ಲ, ಆದರೆ ನೇಮಕಾತಿ ನಿಯಮಗಳು ಹಳೆಯವೇ ಎಂಬುದನ್ನು ಯಾರೂ ಹೇಳುತ್ತಿಲ್ಲ.

ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಕುಳಿತುಕೊಳ್ಳಲು ಅರ್ಥಶಾಸ್ತ್ರ, ಅನ್ವಯಿಕ ಅರ್ಥಶಾಸ್ತ್ರ, ವ್ಯವಹಾರ ಅರ್ಥಶಾಸ್ತ್ರ ಅಥವಾ ಅರ್ಥಮಿತಿಯಲ್ಲಿ ಸ್ನಾತಕೋತ್ತರ ಪದವಿ ಬೇಕು. ರಾಜಕೀಯ ಅರ್ಥಶಾಸ್ತ್ರ ಎಂಬ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಅರ್ಥಶಾಸ್ತ್ರದ ಸಂಕೇತ 01, ರಾಜ್ಯಶಾಸ್ತ್ರದ್ದು 02. ನಡುವೆ ಮೂರನೆಯದಿಲ್ಲ, ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು. ಶಿಕ್ಷಕರ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ನೋಡುವುದು ಅಂಕಪಟ್ಟಿಯಲ್ಲಿರುವ ವಿಷಯದ ಹೆಸರನ್ನು, ಪಠ್ಯಕ್ರಮದ ಆಳವನ್ನಲ್ಲ. ಹೆಸರು ಹೊಂದದಿದ್ದರೆ ತತ್ಸಮಾನ ಪ್ರಮಾಣಪತ್ರಕ್ಕಾಗಿ ವಿಶ್ವವಿದ್ಯಾಲಯಕ್ಕೆ ಅಲೆಯಬೇಕು, ಆ ಹೊತ್ತಿಗೆ ಆಯ್ಕೆ ಪಟ್ಟಿ ಮುಂದೆ ಹೋಗಿರುತ್ತದೆ. ಇನ್ನು ಕೆಎಎಸ್, ಪಿಡಿಒ, ಎಫ್‌ಡಿಎ, ಬ್ಯಾಂಕ್ ಪಿಒ ಹುದ್ದೆಗಳಿಗೆ ಯಾವುದಾದರೂ ಪದವಿ ಸಾಕು. ಎಸ್‌ಡಿಎಗೆ ಪಿಯುಸಿಯೇ ಸಾಕು. ಅಂದರೆ ಸ್ಪರ್ಧಾತ್ಮಕ ಪರೀಕ್ಷೆಯೇ ಗುರಿಯಾಗಿರುವ ಹುಡುಗನಿಗೆ ಏಳು ಲಕ್ಷದ ಪದವಿಯೂ ಸರ್ಕಾರಿ ಕಾಲೇಜಿನ ಪದವಿಯೂ ಅರ್ಜಿಯ ಒಂದೇ ಕಲಮಿನಲ್ಲಿ ಒಂದೇ ಸಾಲಾಗಿ ಕೂಡುತ್ತವೆ. ‘ಐಎಎಸ್, ಕೆಎಎಸ್ ಐತಿ’ ಎಂದು ಹೇಳಿ ದುಬಾರಿ ಸೀಟು ಮಾರುವವರು ಇದನ್ನೂ ಸೇರಿಸಿ ಹೇಳಬೇಕಲ್ಲವೇ? (ಪಕ್ಕದ ಕಲಬುರಗಿಯವರಿಗೆ ಸಂವಿಧಾನದ 371-ಜೆ ವಿಧಿಯಡಿ ಸಿಗುವ ಮೀಸಲಾತಿ ವಿಜಯಪುರಕ್ಕೂ ಇದೆ ಎಂದು ನಂಬಿದ ಪಾಲಕರು ಈಗಲೂ ಇದ್ದಾರೆ. ಇಲ್ಲ. ಬಸ್ಸು ಮಾತ್ರ ಕಲ್ಯಾಣ ಕರ್ನಾಟಕ ಸಾರಿಗೆಯದು.)

ಖರ್ಚಿನ ವಿಚಾರಕ್ಕೆ ಬರೋಣ. ಪ್ರಾಸ್ಪೆಕ್ಟಸ್ಸಿನಲ್ಲಿ ಅಚ್ಚಾಗುವುದು ಮೊದಲ ವರ್ಷದ ಬೋಧನಾ ಶುಲ್ಕ. ಪ್ರವೇಶ ಶುಲ್ಕ, ಗ್ರಂಥಾಲಯ, ಕ್ರೀಡೆ, ಗುರುತಿನ ಚೀಟಿ, ಸೆಮಿಸ್ಟರಿಗೊಮ್ಮೆ ಪರೀಕ್ಷಾ ಶುಲ್ಕ, ಕೊನೆಗೆ ಘಟಿಕೋತ್ಸವದ ಶುಲ್ಕ, ಇವು ಒಂದೊಂದಾಗಿ ಬರುತ್ತವೆ. ಕೆಲವೆಡೆ ಎರಡು ಪಾವತಿ ಕೊಡುತ್ತಾರೆ. ಕಾಲೇಜಿನ ಹೆಸರಿನಲ್ಲಿ ಒಂದು, ಸಂಸ್ಥೆಯ ‘ಅಭಿವೃದ್ಧಿ ನಿಧಿ’ಯ ಹೆಸರಿನಲ್ಲಿ ಇನ್ನೊಂದು. ಎರಡನೆಯದು ಸರ್ಕಾರದ ಫೀ ಮರುಪಾವತಿಗೂ ಬರುವುದಿಲ್ಲ, ಬ್ಯಾಂಕಿನವರು ಶಿಕ್ಷಣ ಸಾಲದ ಅಂದಾಜಿಗೂ ಹಿಡಿಯುವುದಿಲ್ಲ. ಅದು ತಂದೆಯ ಕಿಸೆಯಿಂದಲೇ ಹೋಗಬೇಕು. ಎರಡನೇ ವರ್ಷ ಫೀ ಎಷ್ಟು ಏರುತ್ತದೆ ಎಂಬುದಕ್ಕೆ ಬರಹದಲ್ಲಿ ಉತ್ತರವೇ ಇಲ್ಲ.

ವಿದ್ಯಾರ್ಥಿವೇತನವನ್ನು ಖರ್ಚಿನಿಂದ ಕಳೆಯುವಾಗಲೂ ಎಚ್ಚರ ಬೇಕು. ರೈತ ವಿದ್ಯಾನಿಧಿಯಲ್ಲಿ ಬಿ.ಎ. ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500 ರೂಪಾಯಿ. ಅದಕ್ಕೆ ಪಾಲಕರ ಫ್ರೂಟ್ಸ್ ಐಡಿ, ಅಂದರೆ ರೈತ ನೋಂದಣಿ ಸಂಖ್ಯೆ ಇರಬೇಕು. ಹೊಲ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ವಿದ್ಯಾಸಿರಿಯ ಊಟ-ವಸತಿ ನೆರವು ವರ್ಷದಲ್ಲಿ ಹತ್ತು ತಿಂಗಳಿಗಷ್ಟೇ. ಅದು ಸರ್ಕಾರಿ ಹಾಸ್ಟೆಲ್ ಸಿಗದವರಿಗೆ, ಎರಡೂ ಒಟ್ಟಿಗೆ ಇಲ್ಲ. ಎಸ್‌ಎಸ್‌ಪಿ ಎಂಬ ವಿದ್ಯಾರ್ಥಿವೇತನದ ಪೋರ್ಟಲಿನಲ್ಲಿ ಅರ್ಜಿ ಹಾಕಿದವರಿಗೆ ಹಣ ಬಾರದೆ ಹೋಗುವುದಕ್ಕೆ ಸಾಮಾನ್ಯ ಕಾರಣ ಎರಡು: ಬ್ಯಾಂಕ್ ಖಾತೆ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಜೋಡಣೆ) ಆಗಿರುವುದಿಲ್ಲ, ಇಲ್ಲವೇ ಆಧಾರಿನ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಒಂದಕ್ಷರದ ವ್ಯತ್ಯಾಸ ಇರುತ್ತದೆ. ಎಲ್ಲ ಸರಿಯಿದ್ದರೂ ಹಣ ಬರುವುದು ಫೀ ಕಟ್ಟಿ ತಿಂಗಳುಗಳಾದ ಮೇಲೆ. ಆದ್ದರಿಂದ ಮೊದಲು ಪೂರ್ತಿ ಫೀ ಕೈಯಿಂದ ಕಟ್ಟುವ ಶಕ್ತಿ ಇರಲೇಬೇಕು. ‘ಸ್ಕಾಲರ್‌ಶಿಪ್ ಬರತೈತಿ, ಚಿಂತಿ ಮಾಡಬ್ಯಾಡ್ರಿ’ ಎನ್ನುವ ಕೌಂಟರಿನವರು ಇದನ್ನು ಹೇಳುವುದಿಲ್ಲ.

ಓಡಾಟದ ಲೆಕ್ಕ ಹುಡುಗಿಗೂ ಹುಡುಗನಿಗೂ ಬೇರೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿರುವುದರಿಂದ ಮುಧೋಳದಿಂದ ಬಾಗಲಕೋಟೆಗೆ, ಸಿಂದಗಿಯಿಂದ ವಿಜಯಪುರಕ್ಕೆ ದಿನಾ ಓಡಾಡುವ ಹುಡುಗಿಗೆ ಬಸ್ ಖರ್ಚಿಲ್ಲ. ಹುಡುಗನಿಗೆ ಪಾಸ್ ಬೇಕು. ಅದೇ ಪುಣೆಯ ಸೀಟಾದರೆ ಇಬ್ಬರಿಗೂ ಬಸ್, ಬಾಡಿಗೆ, ಮೆಸ್ ಎಲ್ಲವೂ ಕೈಯಿಂದಲೇ.

ಈಗ ಒಂದು ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸುತ್ತೇವೆ. ಅಂಕಿಗಳು ಉದಾಹರಣೆಗೆ ಹಿಡಿದವು, ನಿಮ್ಮ ಕಾಲೇಜಿನ ಅಂಕಿ ಹಾಕಿ ನೀವೇ ನೋಡಿ. ಊರಿನಿಂದ ಓಡಾಡಿ ಸರ್ಕಾರಿ ಕಾಲೇಜಿನಲ್ಲಿ ಓದಿದರೆ ಫೀ, ಪಾಸ್, ಪುಸ್ತಕ, ಪರೀಕ್ಷೆ, ಮಧ್ಯಾಹ್ನದ ಊಟ ಸೇರಿ ವರ್ಷಕ್ಕೆ 30,000, ಮೂರು ವರ್ಷಕ್ಕೆ 90,000 ಎನ್ನೋಣ. ದೊಡ್ಡ ನಗರದ ಖಾಸಗಿ ವಿಶ್ವವಿದ್ಯಾಲಯದಲ್ಲಿ ಫೀ ಒಂದೂವರೆ ಲಕ್ಷ, ವಸತಿ-ಊಟ ಒಂದು ಲಕ್ಷ, ಹೀಗೆ ಮೂರು ವರ್ಷಕ್ಕೆ ಏಳೂವರೆ ಲಕ್ಷ. ವ್ಯತ್ಯಾಸ 6,60,000. ಇದರಲ್ಲಿ ಆರು ಲಕ್ಷ ಸಾಲ ಮಾಡಿದರೆಂದು ಇಟ್ಟುಕೊಳ್ಳಿ, ವರ್ಷಕ್ಕೆ ಎರಡು ಲಕ್ಷದಂತೆ ಮೂರು ಕಂತು, ಬಡ್ಡಿ ಶೇ. 10.

ಓದುವ ಮೂರು ವರ್ಷ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಸರಳ ಬಡ್ಡಿ ಏರುತ್ತಲೇ ಇರುತ್ತದೆ. ಮೊದಲ ಎರಡು ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 80,000, ಎರಡನೆಯದಕ್ಕೆ ಮೂರು ವರ್ಷದ್ದು 60,000, ಮೂರನೆಯದಕ್ಕೆ ಎರಡು ವರ್ಷದ್ದು 40,000. ಮರುಪಾವತಿ ಶುರುವಾಗುವ ದಿನ ಸಾಲ ಆರು ಲಕ್ಷವಲ್ಲ, ಏಳು ಲಕ್ಷ ಎಂಬತ್ತು ಸಾವಿರ. ಏಳು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 12,950. ಹತ್ತು ವರ್ಷಕ್ಕೆ ಎಳೆದರೆ ಸುಮಾರು 10,300, ಒಟ್ಟು ಕಟ್ಟುವುದು ಹನ್ನೆರಡು ಲಕ್ಷದ ಮೂವತ್ತಾರು ಸಾವಿರ. ಓದುವಾಗಲೂ ಆಮೇಲಿನ ಒಂದು ವರ್ಷವೂ ಬಡ್ಡಿಯನ್ನಷ್ಟೇ ಕಟ್ಟುತ್ತ ಬಂದರೆ ಕಂತು ಆರು ಲಕ್ಷದ ಮೇಲೆಯೇ ನಿಲ್ಲುತ್ತದೆ. ಮೊದಲ ವರ್ಷ ಆ ಬಡ್ಡಿ ತಿಂಗಳಿಗೆ 1,700ರ ಹತ್ತಿರ ಬರುತ್ತದೆ. ಕಬ್ಬಿನ ಬಿಲ್ ಬಂದಾಗ ಒಮ್ಮೆಲೇ ಕಟ್ಟಬಹುದು. ಇದನ್ನು ಬ್ಯಾಂಕಿನವರು ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಇಲ್ಲ.

ಸಾಲಕ್ಕೆ ತಂದೆ ಸಹ-ಸಾಲಗಾರ ಆಗಿರುತ್ತಾರೆ ಎಂಬುದನ್ನೂ ಮರೆಯಬಾರದು. ಮಗನ ಕಂತು ತಪ್ಪಿದರೆ ತಂದೆಯ ಸಾಲದ ದಾಖಲೆಯಾದ ಸಿಬಿಲ್‌ನಲ್ಲೂ ದಾಖಲಾಗುತ್ತದೆ, ಮುಂದಿನ ಹಂಗಾಮಿಗೆ ಬೆಳೆ ಸಾಲ ಕೇಳಲು ಹೋದಾಗ ಕೌಂಟರಿನಲ್ಲಿ ಅದೇ ಕಾಗದ ಹೊರಬರುತ್ತದೆ. 2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯನ್ನು ತೋರಿಸಿ ಧೈರ್ಯ ಹೇಳುವವರಿದ್ದಾರೆ. ಯೋಜನೆ ಒಳ್ಳೆಯದೇ, ಜಾಮೀನಿಲ್ಲದ ಸಾಲ. ಕುಟುಂಬದ ಆದಾಯ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಕಂತು ವಿನಾಯಿತಿಯ ಅವಧಿಯಲ್ಲಿ ಶೇ. 3 ಬಡ್ಡಿ ರಿಯಾಯಿತಿಯೂ ಉಂಟು. ಆದರೆ ಅದು ಎನ್‌ಐಆರ್‌ಎಫ್ ಎಂಬ ರಾಷ್ಟ್ರೀಯ ಶ್ರೇಯಾಂಕದ ಮೇಲೆ ಆರಿಸಿದ ಸಂಸ್ಥೆಗಳಿಗೆ ಮಾತ್ರ (ಶುರುವಿನಲ್ಲಿ ಸುಮಾರು 860), ಬಡ್ಡಿ ರಿಯಾಯಿತಿ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ. ತಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೋ ಇಲ್ಲವೋ ಎಂಬುದನ್ನು ಪ್ರಾಸ್ಪೆಕ್ಟಸ್ಸಿನಲ್ಲಿ ಒಂದು ಸಾಲಿನಲ್ಲಿ ಬರೆಯಲು ಏನು ಅಡ್ಡಿ?

ಗಳಿಕೆಯ ಕಡೆ ನೋಡೋಣ. ‘3.6 ಲಕ್ಷ ಪ್ಯಾಕೇಜ್’ ಎಂದರೆ ತಿಂಗಳಿಗೆ ಮೂವತ್ತು ಸಾವಿರ ಎಂದು ಮನೆಯವರು ತಿಳಿಯುತ್ತಾರೆ. ಮೂಲ ವೇತನ 15,000 ಎಂದು ಹಿಡಿದರೆ ಕಂಪನಿ ಕಟ್ಟುವ ಪಿಎಫ್ 1,800, ಗ್ರಾಚ್ಯುಟಿಯ ಬಾಬ್ತು ಸುಮಾರು 720, ಗುರಿ ಮುಟ್ಟಿದರೆ ಮಾತ್ರ ಸಿಗುವ ‘ವೇರಿಯಬಲ್’ ಶೇ. 10 ಎಂದರೆ 3,000, ಇವೆಲ್ಲ ಆ ಮೂವತ್ತರ ಒಳಗೇ ಸೇರಿರುತ್ತವೆ. ಉಳಿದದ್ದರಲ್ಲಿ ನೌಕರನ ಪಾಲಿನ ಪಿಎಫ್ 1,800 ಹೋಗುತ್ತದೆ. ಕೈಗೆ ಬರುವುದು 22,700ರ ಆಸುಪಾಸು. ಮೇಲೆ ಹೇಳಿದ 10,300ರ ಕಂತು ಕಳೆದರೆ 12,400 ಉಳಿಯಿತು. ಬೆಂಗಳೂರಿನ ಪಿಜಿಗೆ 9,000 ಕೊಟ್ಟ ಮೇಲೆ ಬಸ್, ಮೊಬೈಲ್, ಬಟ್ಟೆ, ಔಷಧಕ್ಕೆ 3,400 ರೂಪಾಯಿ. ಮನೆಗೆ ಕಳಿಸುವ ಮಾತೇ ಇಲ್ಲ.

ಅದೇ ಹುಡುಗ ಸಾಲವಿಲ್ಲದೆ ಊರಲ್ಲೇ ಓದಿ ಇಲ್ಲಿಯೇ 15,000 ದುಡಿದನೆನ್ನಿ. ಮನೆಯ ಊಟಕ್ಕೆ 2,500 ಕಳೆದರೂ 12,500 ಉಳಿಯುತ್ತದೆ. ಈ ಭಾಗದಲ್ಲಿ ಕಲಾ ಪದವೀಧರರನ್ನು ನಿಜಕ್ಕೂ ತೆಗೆದುಕೊಳ್ಳುವವರು ಯಾರು? ಸೌಹಾರ್ದ ಸಹಕಾರಿಗಳು, ಪತ್ತಿನ ಸಂಘಗಳು, ಕಿರುಸಾಲ ಕಂಪನಿಗಳು, ವಿಮಾ ಏಜೆನ್ಸಿಗಳು, ಖಾಸಗಿ ಶಾಲೆಗಳು, ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗ. ಇವು ಪ್ಲೇಸ್‌ಮೆಂಟ್ ಫಲಕದಲ್ಲಿ ಕಾಣಿಸುವುದಿಲ್ಲ, ಹೇಳಿಕೊಳ್ಳಲು ಕಾಲೇಜಿಗೆ ನಾಚಿಕೆ. ಕಿರುಸಾಲ ಕಂಪನಿಯ ಫೀಲ್ಡ್ ಆಫೀಸರ್ ಕೆಲಸಕ್ಕೆ ಸ್ವಂತ ಬೈಕು ಬೇಕು. ಅದರ ಕಂತು, ಕಂಪನಿ ಕೊಡುವುದಕ್ಕಿಂತ ಮೇಲಾಗುವ ಪೆಟ್ರೋಲು ಸಂಬಳದಿಂದಲೇ. ಇದನ್ನೂ ಕಳೆದು ಹೇಳಬೇಕು.

ನಗರದ ಸಂಬಳ ಏರುವಷ್ಟು ಊರಿನ ಸಂಬಳ ಏರುವುದಿಲ್ಲ ಎಂಬ ವಾದ ಉಂಟು. ಅದು ಸರಿಯಾದ ವಾದವೇ. ಅದಕ್ಕೇ ಮೊದಲ ವರ್ಷದ ಸಂಬಳವೊಂದೇ ಸಾಲದು, ಐದನೇ ವರ್ಷದ್ದೂ ಬೇಕು. ದುಬಾರಿ ಪದವಿಯ ಹೆಚ್ಚುವರಿ ಖರ್ಚನ್ನು ಅದರಿಂದ ವರ್ಷಕ್ಕೆ ಬರುವ ಹೆಚ್ಚುವರಿ ಉಳಿಕೆಯಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ರೊಕ್ಕ ತಿರುಗಿ ಬರುತ್ತದೆ ಎಂದು ಗೊತ್ತಾಗುತ್ತದೆ. ಮೇಲಿನ 6,60,000ಕ್ಕೆ ತಿಂಗಳಿಗೆ 5,000 ಹೆಚ್ಚು ಉಳಿದರೆ ಬಡ್ಡಿ ಬಿಟ್ಟೇ ಹನ್ನೊಂದು ವರ್ಷ. 15,000 ಹೆಚ್ಚು ಉಳಿದರೆ ಮೂರು ವರ್ಷ ಎಂಟು ತಿಂಗಳು. ಎರಡನೆಯದಾದರೆ ಸಾಲ ಮಾಡಿ ಕಳಿಸಲಿ, ನಾವೇ ಹೇಳುತ್ತೇವೆ. ಕಂತು ಕೈಗೆ ಬರುವ ಸಂಬಳದ ಐದನೇ ಒಂದು ಪಾಲು ದಾಟಬಾರದು ಎಂಬುದು ನಮ್ಮ ಅಳತೆ. ಪಾಲಕರು ಈ ಭಾಗಾಕಾರ ಮಾಡಲಾರರೆಂದಲ್ಲ, ಟನ್ನಿಗೆ ಕಟಾವು ಎಷ್ಟು, ಗೊಬ್ಬರ ಎಷ್ಟು ಎಂದು ಬೆರಳ ತುದಿಯಲ್ಲಿ ಇಟ್ಟುಕೊಂಡವರು ಅವರು. ಹಾಕಲು ಅಂಕಿ ಇಲ್ಲ, ಅಷ್ಟೇ.

ಅಂಕಿ ಇಲ್ಲವೇ? ಇದೆ. ನಿಮ್ಮ ಕಪಾಟಿನಲ್ಲೇ ಇದೆ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ಗೆ ಕೊಡುವ ಸ್ವಯಂ ಅಧ್ಯಯನ ವರದಿಯ 5.2.1ನೇ ಅಂಶಕ್ಕೆ ಮಾನ್ಯತೆ ಪಡೆದ ಕಾಲೇಜುಗಳು ಒಂದು ತಖ್ತೆ (ಕೋಷ್ಟಕ) ತುಂಬುತ್ತ ಬಂದಿವೆ. ವರ್ಷ, ನೌಕರಿ ಸಿಕ್ಕ ವಿದ್ಯಾರ್ಥಿಯ ಹೆಸರು, ಯಾವ ಕೋರ್ಸ್, ಕೆಲಸ ಕೊಟ್ಟವರು ಯಾರು, ಸೇರುವಾಗಿನ ಸಂಬಳ ಎಷ್ಟು ಎಂಬ ಕಲಮುಗಳು ಅದರಲ್ಲಿವೆ. ಹೆಸರು, ಫೋನ್ ನಂಬರ್ ತೆಗೆದುಹಾಕಿ ಕೋರ್ಸ್‌ವಾರು ವಿಂಗಡಿಸಿದರೆ ಪಾಲಕರಿಗೆ ಬೇಕಾದ ಅರ್ಧ ಮಾಹಿತಿ ಸಿದ್ಧ. ಗುಮಾಸ್ತರಿಗೆ ಒಂದು ದಿನದ ಕೆಲಸ. ಆದರೆ ಆ ಅಂಶದಲ್ಲಿ ಒಂದು ಮೋಸವೂ ಅಡಗಿದೆ: ನೌಕರಿ ಸಿಕ್ಕವರನ್ನೂ ಉನ್ನತ ವ್ಯಾಸಂಗಕ್ಕೆ ಹೋದವರನ್ನೂ ಕೂಡಿಸಿ ಒಂದೇ ಶೇಕಡಾವಾರು ತೆಗೆಯುತ್ತಾರೆ. ಬಿ.ಎ. ಮುಗಿಸಿ ಕೆಲಸ ಸಿಗದೆ, ಮನೆಯಲ್ಲಿ ಕೂರಲಾರದೆ ಎಂ.ಎ.ಗೆ ಸೇರಿದವನೂ ಅಲ್ಲಿ ಸಾಧನೆಯೇ. ಎರಡನ್ನೂ ಬೇರೆ ಬೇರೆ ತೋರಿಸಿ.

ಎನ್‌ಐಆರ್‌ಎಫ್‌ಗೆ ಕೊಡುವ ತಖ್ತೆ ಇನ್ನೂ ಉಪಯೋಗದ್ದು. ಎಷ್ಟು ಜನ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಜನ ಮುಗಿಸಿದರು, ಎಷ್ಟು ಜನರಿಗೆ ನೌಕರಿ, ಅವರ ಮಧ್ಯಾಂಕ ಸಂಬಳ (ಏರಿಕೆಯ ಸಾಲಿನಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) ಎಷ್ಟು, ಉನ್ನತ ವ್ಯಾಸಂಗಕ್ಕೆ ಎಷ್ಟು ಜನ ಎಂಬುದೆಲ್ಲ ಅದರಲ್ಲಿ ಬರುತ್ತದೆ, ಸಾರ್ವಜನಿಕರಿಗೂ ಸಿಗುತ್ತದೆ. ಕೊರತೆ ಎಂದರೆ ಮೂರು ವರ್ಷದ ಪದವಿಗಳೆಲ್ಲ ಒಂದೇ ಸಾಲು. ಬಿ.ಕಾಂ., ಬಿಸಿಎ, ಬಿ.ಎಸ್ಸಿ., ಬಿ.ಎ. ಎಲ್ಲ ಕಲಸಿಹೋಗಿ, ಬಿಸಿಎ ಹುಡುಗರ ಸಂಬಳ ಅರ್ಥಶಾಸ್ತ್ರದ ಹುಡುಗಿಯದೂ ಎಂಬಂತೆ ಕಾಣುತ್ತದೆ.

ಮಧ್ಯಾಂಕ ಏಕೆ ಬೇಕು, ಸರಾಸರಿ ಏಕೆ ಬೇಡ ಎಂದರೆ ಇದಕ್ಕೆ. ಒಂದು ವಿಷಯಕ್ಕೆ ಅರವತ್ತು ಜನ ಸೇರಿ, ಐವತ್ತು ಜನ ಮುಗಿಸಿ, ಎಂಟು ಜನರಿಗೆ ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕಿತು ಎನ್ನಿ. ಏಳು ಜನರಿಗೆ ವರ್ಷಕ್ಕೆ 1.8 ಲಕ್ಷ, ಒಬ್ಬನಿಗೆ 9 ಲಕ್ಷ. ಸರಾಸರಿ 2.7 ಲಕ್ಷ ಆಗುತ್ತದೆ, ಆ ಸಂಬಳ ಪಡೆದವನು ಒಬ್ಬನೂ ಇಲ್ಲ. ಮಧ್ಯಾಂಕ 1.8 ಲಕ್ಷ. ಬ್ಯಾನರಿಗೆ ಹೋಗುವುದು 9 ಲಕ್ಷ ಮತ್ತು ಆ ಒಬ್ಬನ ಫೋಟೊ. ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟವರೇ ಎಂಟು ಜನ ಎಂದು ಬರೆದುಕೊಂಡರೆ ‘ನೂರಕ್ಕೆ ನೂರು’ ಕೂಡ ಸುಳ್ಳಲ್ಲ! ಕಬ್ಬಿನ ಗಾಡಿ ಒಳಗೆ ಹೋಗುವ ಮುಂಚೆ ತೂಕದ ಕಾಟಾ ಎಲ್ಲರಿಗೂ ಕಾಣುವಂತಿರಬೇಕು ಎಂದು ಈ ಜಿಲ್ಲೆಗಳ ರೈತರು ಹಟ ಹಿಡಿಯುತ್ತಾರೆ. ಮಗಳ ಮೂರು ವರ್ಷವನ್ನು ನಿಮ್ಮ ಗೇಟಿನೊಳಗೆ ಕಳಿಸುವಾಗಲೂ ಅವರು ಕೇಳಬೇಕಾದದ್ದು ಅದನ್ನೇ.

ಬೇರೆ ಕಡೆ ಇದು ಆಗಿದೆ. ಅಮೆರಿಕದ ಶಿಕ್ಷಣ ಇಲಾಖೆ ‘ಕಾಲೇಜ್ ಸ್ಕೋರ್‌ಕಾರ್ಡ್’ ಎಂಬ ತಾಣದಲ್ಲಿ ಒಂದೊಂದು ಕಾಲೇಜಿನ ಒಂದೊಂದು ವಿಷಯಕ್ಕೂ ಪದವೀಧರರ ಮಧ್ಯಾಂಕ ಗಳಿಕೆಯನ್ನೂ ಸಾಲವನ್ನೂ ತೋರಿಸುತ್ತದೆ. ಬರ್ಕ್‌ಲಿಯಂಥ ಕಡೆ ಪೊಲಿಟಿಕಲ್ ಎಕಾನಮಿ ಓದಬೇಕೆನ್ನುವ ಅಲ್ಲಿನ ಹುಡುಗ ಅರ್ಜಿ ಹಾಕುವ ಮುಂಚೆ ಇಂಥ ಅಂಕಿ ನೋಡಿಕೊಳ್ಳಬಹುದು. ಅದರಲ್ಲೂ ಹುಳುಕಿದೆ. ಸರ್ಕಾರಿ ಸಾಲ, ನೆರವು ಪಡೆದವರ ಲೆಕ್ಕವಷ್ಟೇ ಸಿಗುತ್ತದೆ, ವಿದ್ಯಾರ್ಥಿಗಳು ತೀರ ಕಡಿಮೆ ಇದ್ದರೆ ಅಂಕಿ ಮುಚ್ಚಿಡುತ್ತಾರೆ. ಆದರೂ ಬ್ಯಾನರಿಗಿಂತ ವಾಸಿ.

ಇನ್ನು ನಮ್ಮ ಬೇಡಿಕೆಗಳು. ಪ್ರವೇಶದ ಪ್ರಕಟಣೆ ಹೊರಡಿಸುವ ದಿನವೇ ಪ್ರತಿ ವಿಷಯಕ್ಕೂ ಒಂದು ಪುಟದ ತಖ್ತೆಯನ್ನು ಕನ್ನಡದಲ್ಲಿ ಸೂಚನಾ ಫಲಕಕ್ಕೂ ಜಾಲತಾಣಕ್ಕೂ ಹಾಕಿ. ಅದರಲ್ಲಿ ಮೂರೂ ವರ್ಷದ ಎಲ್ಲ ಶುಲ್ಕಗಳ ಮೊತ್ತ ಇರಲಿ. ಯಾವ ಪಾವತಿ ಯಾರ ಹೆಸರಿನಲ್ಲಿ ಎಂಬುದೂ ಇರಲಿ. ಹಿಂದಿನ ಮೂರು ತಂಡಗಳಲ್ಲಿ ಸೇರಿದವರು, ಮುಗಿಸಿದವರು, ಆರು ತಿಂಗಳೊಳಗೆ ನೌಕರಿ ಸಿಕ್ಕವರು, ಅವರ ಕೈಗೆ ಬರುವ ಸಂಬಳದ ಮಧ್ಯಾಂಕ, ಉನ್ನತ ವ್ಯಾಸಂಗಕ್ಕೆ ಹೋದವರು, ಸುದ್ದಿ ಸಿಗದವರು, ಇಷ್ಟೂ ಇರಲಿ. ‘ಸುದ್ದಿ ಸಿಗದವರು’ ಎಂಬ ಕಲಮು ಬಿಟ್ಟರೆ ಉಳಿದ ಯಾವ ಅಂಕಿಯನ್ನೂ ನಂಬಲಾಗದು. ಪ್ರತಿ ತಂಡದ ವಾಟ್ಸ್ಆ್ಯಪ್ ಗುಂಪು ಇದ್ದೇ ಇರುತ್ತದೆ. ವಿಭಾಗದ ಒಬ್ಬರು ಅಧ್ಯಾಪಕರು ಜನವರಿಯಲ್ಲೊಮ್ಮೆ ಫೋನ್ ಹಚ್ಚಿದರೆ ಐವತ್ತು ಜನರ ಮಾಹಿತಿ ಒಂದು ವಾರದಲ್ಲಿ ಸೇರುತ್ತದೆ. ಆ ಕೆಲಸಕ್ಕೆ ಅಧ್ಯಾಪಕರು ಒಪ್ಪುವುದಿಲ್ಲ ಎನ್ನಬೇಡಿ, ನಾವು ಒಪ್ಪಿದ್ದೇವೆ.

ಅದೇ ಪುಟದ ಕೆಳಗೆ ಸೀಟು ಬಿಟ್ಟರೆ ಎಷ್ಟು ಹಣ ವಾಪಸ್ ಎಂಬುದನ್ನೂ ಅಚ್ಚುಮಾಡಿ. ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ತಿ, 15 ದಿನದೊಳಗಾದರೆ ಶೇ. 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50. ಯುಜಿಸಿ ಆಮೇಲಿನ ವರ್ಷಗಳಲ್ಲಿ ಇದಕ್ಕಿಂತ ಉದಾರ ಗಡುವನ್ನೂ ಹೊರಡಿಸಿದೆ, ಆಯಾ ವರ್ಷದ ಗಡುವನ್ನೇ ಹಾಕಿ. ‘ಕಟ್ಟಿದ ಫೀ ವಾಪಸ್ ಇಲ್ಲ’ ಎಂದು ಪಾವತಿಯ ಹಿಂಬದಿ ಸಣ್ಣ ಅಕ್ಷರದಲ್ಲಿ ಅಚ್ಚು ಮಾಡಿಸುವುದನ್ನು ಮಾತ್ರ ನಿಲ್ಲಿಸಿ.

ಹೊಸ ಹೆಸರಿನ ಪದವಿ ತರುವ ಯೋಚನೆ ಇದ್ದರೆ, ಅಂಕಪಟ್ಟಿಯಲ್ಲಿ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಂಬ ಹೆಸರುಗಳು ಬಿಡಿಬಿಡಿಯಾಗಿ ಉಳಿಯುವಂತೆ ವಿಶ್ವವಿದ್ಯಾಲಯದೊಂದಿಗೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. 2021-22ರಲ್ಲಿ ನಾಲ್ಕು ವರ್ಷದ ಪದವಿ ಬಂದು 2024-25ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಮತ್ತೊಂದು ಗೊಂದಲ ಬೇಡ. ಫೀ ಏರಿಸದೆಯೇ ಈ ಪದವಿಯ ಬೆಲೆ ಹೆಚ್ಚಿಸುವ ದಾರಿಯೂ ಇದೆ. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರಿಗೆ ಗಣಿತದ ಸ್ಪರ್ಶವಿರುವುದಿಲ್ಲ. ಪುಣೆಯ ಗೋಖಲೆ ಸಂಸ್ಥೆಯಂಥ ಕಡೆ ಅರ್ಥಶಾಸ್ತ್ರದ ಎಂ.ಎ.ಗೆ ನಮ್ಮ ಹುಡುಗರು ಎಡವುವುದು ಅಲ್ಲಿಯೇ, ಅರ್ಥಶಾಸ್ತ್ರದ ತಿಳಿವಳಿಕೆಯಲ್ಲಲ್ಲ. ವಾರಕ್ಕೆ ಎರಡು ತಾಸು ಸಂಖ್ಯಾಶಾಸ್ತ್ರ, ಎರಡು ತಾಸು ಎಕ್ಸೆಲ್, ಮೂರು ವರ್ಷ ಬಿಡದೆ ಕಲಿಸಿ. ಪತ್ತಿನ ಸಂಘದ ವಾರ್ಷಿಕ ವರದಿಯ ಜಮಾ-ಖರ್ಚು ಪತ್ರಿಕೆ ಓದಿ ಬಾಕಿ ಸಾಲ ಎಲ್ಲಿ ಅಡಗಿದೆ ಎಂದು ಬೆರಳಿಡಬಲ್ಲ ಹುಡುಗಿಯನ್ನು ಸಂದರ್ಶನದಿಂದ ಬರಿಗೈಯಲ್ಲಿ ಕಳಿಸುವವರು ಕಡಿಮೆ.

ಮಾನ್ಯ ಸಚಿವರೇ, ಒಂದು ಬೇಡಿಕೆ ತಮಗೂ. ಯುವನಿಧಿ ಯೋಜನೆಯಲ್ಲಿ ಪದವಿ ಮುಗಿದು 180 ದಿನವಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷ ಕೊಡುತ್ತಿದ್ದೀರಿ. ಅರ್ಜಿಯನ್ನು ಡಿಜಿಟಲ್ ಪದವಿ ದಾಖಲೆಯೊಂದಿಗೆ ತಾಳೆ ನೋಡುತ್ತೀರಿ, ನಿರುದ್ಯೋಗಿ ಎಂಬ ಸ್ವಯಂ ಘೋಷಣೆಯನ್ನೂ ಕಾಲಕಾಲಕ್ಕೆ ಪಡೆಯುತ್ತೀರಿ. ಹಾಗಾಗಿ ಯಾವ ಕಾಲೇಜಿನ ಯಾವ ಪದವಿ ಪಡೆದವರಲ್ಲಿ ಎಷ್ಟು ಜನ ಆರು ತಿಂಗಳಾದರೂ ಕೆಲಸವಿಲ್ಲದೆ ಇದ್ದಾರೆ ಎಂಬ ಲೆಕ್ಕ ತೆಗೆಯಲು ಸರ್ಕಾರಕ್ಕೆ ಹೊಸ ಸಮೀಕ್ಷೆ ಬೇಕಿಲ್ಲ. ಹೆಸರಿಲ್ಲದೆ, ಬರೀ ಸಂಖ್ಯೆಯನ್ನು ಕಾಲೇಜುವಾರು ಪ್ರಕಟಿಸಿ. ಯುಯುಸಿಎಂಎಸ್ ಎಂಬ ಪದವಿ ಪ್ರವೇಶದ ಪೋರ್ಟಲಿನಲ್ಲಿ ವಿದ್ಯಾರ್ಥಿ ಕಾಲೇಜು ಆರಿಸುವ ಪುಟದಲ್ಲೇ ಆ ಸಂಖ್ಯೆ ಕಾಣಲಿ. ಅರ್ಜಿ ಹಾಕದವರೂ ಇರುತ್ತಾರೆ, ಲೆಕ್ಕ ಪೂರ್ಣವಲ್ಲ ಎಂಬುದನ್ನು ಕೆಳಗೆ ಬರೆದರಾಯಿತು.

ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನಡಿ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳು ಇಂಥ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬಹುದು. ಬರುವ ಪ್ರವೇಶದ ಹಂಗಾಮಿಗೆ ತಖ್ತೆ ಫಲಕದ ಮೇಲೆ ಬಾರದಿದ್ದರೆ, ಅದೇ ಕಾಯ್ದೆಯ 6ನೇ ಕಲಮಿನಡಿ ಹತ್ತು ರೂಪಾಯಿಯ ಅರ್ಜಿಯನ್ನು ಮೂರೂ ಜಿಲ್ಲೆಗಳ ಇಂಥ ಕಾಲೇಜುಗಳಿಗೆ ಒಂದೊಂದಾಗಿ ಹಾಕುತ್ತೇವೆ. ಬಂದ ಉತ್ತರಗಳನ್ನು ಪಿಯು ಕಾಲೇಜುಗಳ ಪಾಲಕರ ಸಭೆಯಲ್ಲಿ ಓದುತ್ತೇವೆ. ಉತ್ತರ ಕೊಡದವರ ಹೆಸರನ್ನೂ ಓದುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ ಬೋಧಿಸುವ ಕೆಲವು ಅಧ್ಯಾಪಕರು
ಬಾಗಲಕೋಟೆ